ಕೇಳದ ಪ್ರಶ್ನೆಯ ಉತ್ತರ

ಅಮೆರಿಕದ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆ 1993ರಲ್ಲಿ ಹೊರತಂದ ‘ಡೇ ಆಫ್ ದ ಟೆಂಟಕಲ್’ ಎಂಬ ಸಾಹಸಕಥೆಯ ಕಂಪ್ಯೂಟರ್ ಆಟದ ಸಿಡಿಯಲ್ಲಿ ‘ಮಾನ್‌ಸ್ಟರ್’ ಎಂಬ ಹೆಸರಿನ ಒಂದು ದೊಡ್ಡ ಕಡತವುಂಟು; ಹೆಸರಿಗೆ ತಕ್ಕಂತೆ ಅದು ಬಕಾಸುರನ ಹೊಟ್ಟೆಯೇ ಸರಿ, ಏಕೆಂದರೆ ಆ ಕಥೆಯ ಪಾತ್ರಗಳು ಆಡಬಹುದಾದ ಮಾತುಗಳನ್ನೆಲ್ಲ ಅದು ನುಂಗಿ ಕುಳಿತಿದೆ. ಕಥೆಯ ಮೂವರು ಗೆಳೆಯರಲ್ಲಿ ಒಬ್ಬನು ವರ್ತಮಾನದಲ್ಲಿ ಉಳಿಯುತ್ತಾನೆ, ಇನ್ನೊಬ್ಬನು 200 ವರ್ಷ ಹಿಂದಕ್ಕೆ ಹೋಗಿ ಬೀಳುತ್ತಾನೆ, ಮತ್ತೊಬ್ಬಳು 200 ವರ್ಷ ಮುಂದಕ್ಕೆ ಹೋಗಿ ಸಿಕ್ಕಿಕೊಳ್ಳುತ್ತಾಳೆ. ಕಡತದೊಳಗಾದರೋ ಭೂತ ಭವಿಷ್ಯದ್ವರ್ತಮಾನಗಳೆಂಬ ಭೇದವೇ ಇಲ್ಲ. ಮೂರು ಕಾಲದ ಕಂಠಗಳೂ ಒಂದರ ಪಕ್ಕದಲ್ಲೊಂದು ಮೌನವಾಗಿ ಒರಗಿಕೊಂಡಿವೆ.

ಹಳೆಯ ಆಟಗಳ ಇಂಥ ಕಡತಗಳನ್ನು ಬಿಡಿಸಿ, ಒಳಗಿನ ಮಾತನ್ನೂ ಸಂಗೀತವನ್ನೂ ಬೇರೆಯಾಗಿ ತೆಗೆದಿಟ್ಟುಕೊಳ್ಳುವ ಹವ್ಯಾಸಿಗಳು ಲೋಕದಲ್ಲಿ ಕಡಮೆಯಿಲ್ಲ. 2001ರಲ್ಲಿ ಆರಂಭವಾದ ‘ಸ್ಕಮ್‌ವಿಎಂ’ ಎಂಬ ಮುಕ್ತ ತಂತ್ರಾಂಶವು ಈ ಆಟಗಳನ್ನು ಇಂದಿನ ಯಂತ್ರಗಳಲ್ಲಿ ಆಡಿಸುವುದಕ್ಕಾಗಿ ಅವುಗಳ ಕಡತವಿನ್ಯಾಸವನ್ನು ಶೋಧಿಸಿತಷ್ಟೆ; ಆ ಶೋಧವೇ ಇವರಿಗೂ ದಾರಿಯಾಯಿತು. ಒಂದು ಮಳೆಗಾಲದ ರಾತ್ರಿ ನಾನೂ ಕುತೂಹಲಕ್ಕೆಂದು ಆ ಕೆಲಸಕ್ಕೆ ಕೈಹಾಕಿದೆ. ಒಂದೊಂದು ಮಾತಿನ ಮುಂದೆಯೂ ಒಂದು ಪುಟ್ಟ ಕಾಲಸೂಚಿಯಿದ್ದಿತು: ತೆರೆಯ ಮೇಲಿನ ಚಿತ್ರದ ಬಾಯಿ ಯಾವ ಕ್ಷಣದಲ್ಲಿ ತೆರೆಯತಕ್ಕದ್ದು, ಯಾವ ಕ್ಷಣದಲ್ಲಿ ಮುಚ್ಚತಕ್ಕದ್ದು ಎಂಬ ಲೆಕ್ಕ ಅದು. ಅದಾದ ಮೇಲೆ ಧ್ವನಿ. ವರ್ಣೋಚ್ಚಾರಣೆಗೆ ಸ್ಥಾನವನ್ನೂ ಪ್ರಯತ್ನವನ್ನೂ ನಿರ್ದೇಶಿಸಿದ ನಮ್ಮ ಶಿಕ್ಷಾಕಾರರು ಇದನ್ನು ನೋಡಿದ್ದರೆ, ಪ್ರಯತ್ನವುಂಟು, ಸ್ಥಾನವಿಲ್ಲ ಎಂದು ನಗುತ್ತಿದ್ದರೇನೋ.

ಆದರೆ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ. ಇಂಥ ಆಟದಲ್ಲಿ ಒಂದು ಪಾತ್ರದೊಡನೆ ಮಾತಿಗೆ ನಿಂತರೆ, ಆಡುವವನ ಮುಂದೆ ಮೂರು ನಾಲ್ಕು ವಾಕ್ಯಗಳು ಬಂದು ನಿಲ್ಲುತ್ತವೆ. ಅವನು ಒಂದನ್ನು ಆರಿಸುತ್ತಾನೆ, ಅದಕ್ಕೆ ಉತ್ತರ ಬರುತ್ತದೆ, ಮಿಕ್ಕವು ಎಷ್ಟೋ ವೇಳೆ ಹಾಗೆಯೇ ಕಣ್ಮರೆಯಾಗುತ್ತವೆ. ಆರಿಸದೆ ಬಿಟ್ಟ ಆ ವಾಕ್ಯಗಳಿಗೂ ನಟರು ಎಂದೋ ಸ್ಟುಡಿಯೋದಲ್ಲಿ ನಿಂತು ಉತ್ತರ ಹೇಳಿಬಿಟ್ಟಿದ್ದಾರೆ. ಕೇಳದ ಪ್ರಶ್ನೆಯ ಉತ್ತರವು ಶಬ್ದವೆನ್ನಿಸಿಕೊಳ್ಳುವುದೆ? ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತು ಇರುವುದನ್ನು ನಾನು ಬಹುಕಾಲ ಭಾಷೆಯ ಬಡತನವೆಂದೇ ಎಣಿಸಿದ್ದೆ. ಆ ರಾತ್ರಿ ಹಾಗೆನಿಸಲಿಲ್ಲ.

ಇದನ್ನು ನ್ಯಾಯದರ್ಶನದ ನೈಯಾಯಿಕನಲ್ಲಿ ಕೇಳಿದರೆ ಅವನು ತಡವರಿಸುವುದಿಲ್ಲ. ಶಬ್ದವು ಆಕಾಶದ ಗುಣ; ತಾಡನದಿಂದಲೋ ಕಂಠಪ್ರಯತ್ನದಿಂದಲೋ ಹುಟ್ಟಿ, ಅಲೆಯಿಂದ ಅಲೆಯೇಳುವಂತೆ, ಅಥವಾ ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಮ್ಮೆಗೇ ಬಿರಿಯುವಂತೆ ಹಬ್ಬಿ, ಕಿವಿಯನ್ನು ಮುಟ್ಟಿ, ನಾಶವಾಗತಕ್ಕದ್ದು. ಆದುದರಿಂದ ನಟನು ಅಂದು ಆಡಿದುದಕ್ಕೆ ಅಳಿದ ಮೇಲಿನ ಇಲ್ಲದಿರುವಿಕೆಯಾದ ಧ್ವಂಸಾಭಾವ, ಮುಂದೆ ಸ್ಪೀಕರಿನಿಂದ ಹೊರಡಬೇಕಾದುದಕ್ಕೆ ಹುಟ್ಟುವ ಮುನ್ನಿನ ಇಲ್ಲದಿರುವಿಕೆಯಾದ ಪ್ರಾಗಭಾವ. ನಡುವೆ ಕಡತದಲ್ಲಿರುವುದು ಶಬ್ದವಲ್ಲ, ಗಡಿಗೆಗೆ ಮಣ್ಣಿದ್ದ ಹಾಗೆ ಕೇವಲ ಕಾರಣಸಾಮಗ್ರಿ. ಶಬ್ದವು ನಿತ್ಯವೆನ್ನುವ ಮೀಮಾಂಸಕನು ಇದನ್ನೊಪ್ಪನು. ಜೈಮಿನಿಯ ಸೂತ್ರಗಳ ಮೊದಲ ಪಾದದಲ್ಲಿಯೇ ಈ ವಾದ ಎದ್ದಿದೆ: ಉಚ್ಚಾರಣೆಯು ಶಬ್ದವನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ವ್ಯಕ್ತಪಡಿಸುತ್ತದೆ; ದೀಪ ತಂದಾಗ ಕಂಡ ಗಡಿಗೆಯನ್ನು ದೀಪವೇ ಹೆತ್ತಿತೆಂದು ಯಾರೂ ಹೇಳರು.

ಮಾತಿನ ಮಟ್ಟಿಗೆ ನನ್ನ ಒಲವು ನೈಯಾಯಿಕನ ಕಡೆಗೆ. ಮೀಮಾಂಸಕನು ನಿತ್ಯವೆಂದುದು ವರ್ಣವನ್ನೇ ಹೊರತು, ಇಂಥವನ ಗಂಟಲಿನ ಅಂದಿನ ಒರಟನ್ನಲ್ಲ. ಕಡತ ಹಿಡಿದಿಟ್ಟಿರುವುದಾದರೋ ಆ ಒರಟನ್ನೇ.

ಸಂಗೀತದ ಕಥೆ ತಲೆಕೆಳಗು. ಅದೇ ಸಂಸ್ಥೆಯ 1991ರ ‘ಮಂಕಿ ಐಲೆಂಡ್ 2’ರ ಸಂಗೀತವನ್ನು ಹೊರತೆಗೆದವನ ಕೈಗೆ ಮೊದಲು ಸಿಕ್ಕುವುದು ನಾದವೇ ಅಲ್ಲ, ಯಾವ ಸ್ವರ, ಯಾವ ಕ್ಷಣ, ಎಷ್ಟು ಬಲ ಎಂಬ ಆದೇಶಗಳ ಸಾಲು. 1987ರಲ್ಲಿ ಬಂದ ಆಡ್‌ಲಿಬ್ ಕಾರ್ಡಿಗೆ ಆ ಆದೇಶಗಳನ್ನು ಕೊಟ್ಟರೆ ತಗಡಿನ ಆಟಿಕೆಯ ದನಿ. ಅದೇ ವರ್ಷ ಬಂದ ರೋಲ್ಯಾಂಡ್ ಎಂಟಿ-32ಕ್ಕೆ ಕೊಟ್ಟರೆ ವಾದ್ಯವೃಂದವೊಂದು ನೆರೆದಂತಾಗುತ್ತದೆ. ಇವುಗಳಲ್ಲಿ ಮೂಲವಾವುದು? ಅರ್ಥವನ್ನು ಹೊತ್ತ ಅಖಂಡ ಶಬ್ದವಾದ ಸ್ಫೋಟವು ಒಂದೇ, ಅದನ್ನು ತೋರುವ ಧ್ವನಿಗಳು ಅನೇಕ ಎಂದ ವೈಯಾಕರಣ ಭರ್ತೃಹರಿಗೆ ಇದಕ್ಕಿಂತ ಚೊಕ್ಕಟವಾದ ದೃಷ್ಟಾಂತ ದೊರೆಯುವುದು ಕಷ್ಟ. ಸಾಲದೆಂಬಂತೆ, ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಎಂಬಿಬ್ಬರು ಈ ಆಟಕ್ಕಾಗಿ ‘ಐಮ್ಯೂಸ್’ ಎಂಬ ಏರ್ಪಾಡೊಂದನ್ನು ರಚಿಸಿದರು. ವುಡ್‌ಟಿಕ್ ಎಂಬ ಊರಿನಲ್ಲಿ ನಾಯಕನು ಒಂದು ಬಾಗಿಲು ದಾಟಿ ಇನ್ನೊಂದನ್ನು ಹೊಕ್ಕನೆಂದರೆ ರಾಗ ಕತ್ತರಿಸಿಹೋಗುವುದಿಲ್ಲ. ತಕ್ಕ ತಾಳಸ್ಥಾನಕ್ಕಾಗಿ ಕಾದು, ಆ ಸ್ಥಳಕ್ಕೆ ಒಪ್ಪುವ ವಾದ್ಯಕ್ಕೂ ವರಸೆಗೂ ತಾನಾಗಿ ಹೊರಳಿಕೊಳ್ಳುತ್ತದೆ. ಹೀಗಿರಲಾಗಿ, ಅದನ್ನು ಧ್ವನಿಮುದ್ರಿಸಿಕೊಂಡು ಹೊರತರುವವನು ತರುವುದು ತನ್ನ ನಡಿಗೆಯನ್ನೇ: ಅವನು ಎಲ್ಲಿ ತಂಗಿದನೋ, ಎಲ್ಲಿ ಅವಸರಪಟ್ಟನೋ ಅದರ ಪಡಿಯಚ್ಚನ್ನು. ಸಂಗೀತಗಾರನು ಆ ಅನುಕ್ರಮದಲ್ಲಿ ಎಂದೂ ಬರೆಯದ ಕೃತಿ ಅದು. ನುಡಿಸುವಿಕೆಯು ಇದ್ದುದನ್ನು ಒಂದೊಂದು ಬಗೆಯಲ್ಲಿ ವ್ಯಕ್ತಪಡಿಸುತ್ತದಷ್ಟೆ ಎಂದು ಇಲ್ಲಿ ಮೀಮಾಂಸಕನಿಗೆ ತಲೆಬಾಗಬೇಕಾಗುತ್ತದೆ.

ನಮ್ಮ ಕೇಶಿರಾಜನನ್ನು ಇಲ್ಲಿ ನೆನೆಯದಿದ್ದರೆ ಅಪಚಾರ. ಹದಿಮೂರನೆಯ ಶತಮಾನದ ಆ ಜೈನ ವೈಯಾಕರಣನು ‘ಶಬ್ದಮಣಿದರ್ಪಣ’ದ ಆರಂಭದಲ್ಲಿ, ನಾಭಿಮೂಲದಲ್ಲಿ ವಾಯುವಿನ ನೆರವಿನಿಂದ, ಕಹಳೆಯ ತೆರನಾಗಿ ಶಬ್ದದ್ರವ್ಯ ಹುಟ್ಟುವುದೆಂದೂ ಅದರ ಬಣ್ಣ ಬಿಳಿಯೆಂದೂ ಹೇಳುತ್ತಾನೆ. ಶಬ್ದವು ಗುಣವಲ್ಲ, ದ್ರವ್ಯ. ಅಂದರೆ ತುಂಬಿಡಬಹುದು, ಸಾಗಿಸಬಹುದು. ಬಿಳಿಯ ಬಣ್ಣವನ್ನೋದಿ ವಿದ್ಯಾರ್ಥಿದೆಸೆಯಲ್ಲಿ ನಕ್ಕಿದ್ದವನು ನಾನು. ಇಷ್ಟು ಮೆಗಾಬೈಟು ಎಂದು ಅಳೆದು ಮಾತನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಾಗ ಆ ನಗೆ ಸ್ವಲ್ಪ ಕುಗ್ಗಿತು.

ಮತ್ತೆ, ಸುರಿದುಕೊಂಡು ಮಾಡುವುದೇನು? 1990ರ ‘ಲೂಮ್’ ಎಂಬ ಆಟವನ್ನು ಬ್ರಯನ್ ಮೊರಿಯಾರ್ಟಿ ರಚಿಸಿದರು. ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ ಬ್ಯಾಲೆಯ ಸಂಗೀತ ಅದಕ್ಕೆ ಹಿನ್ನೆಲೆ. ಅಲ್ಲಿ ನೇಕಾರರ ಕುಲದ ಹುಡುಗನೊಬ್ಬನು ಕದಿರುಗೋಲು ಹಿಡಿದು ನಾಲ್ಕು ಸ್ವರಗಳನ್ನು ನುಡಿಸಿದರೆ ಮುಚ್ಚಿದ್ದು ತೆರೆಯುತ್ತದೆ. ಅವನ್ನೇ ಹಿಂದುಮುಂದಾಗಿ ನುಡಿಸಿದರೆ ತೆರೆದದ್ದು ಮುಚ್ಚುತ್ತದೆ. ಆ ನಾಲ್ಕು ಸ್ವರಗಳು ಈಗ ನನ್ನ ಬಳಿ ಬಿಡಿಯಾಗಿವೆ. ಎಷ್ಟು ಸಾರಿ ನುಡಿಸಿದರೂ ಮಳೆಗೆ ಉಬ್ಬಿ ಬಿಗಿದುಕೊಂಡಿರುವ ನಮ್ಮ ಮನೆಯ ಕಪಾಟು ತೆರೆದುಕೊಳ್ಳಲಿಲ್ಲ. ವಿನಿಯೋಗವಿಲ್ಲದ ಮಂತ್ರವೆಂದು ಕರ್ಮಠರು ಇದನ್ನು ತಳ್ಳಿಹಾಕಿಯಾರು. ನಾನು ಹಾಗೆ ತಳ್ಳಲಾರೆ. ಬಾಗಿಲು ತೆರೆಯುವ ಹೊಣೆ ಕಳಚಿದ ಮೇಲೆಯೇ ಆ ಸ್ವರಗಳ ನಡುವಣ ಅಂತರ ನನಗೆ ಮೊದಲ ಬಾರಿಗೆ ಕೇಳಿಸಿತು. ಆಡುತ್ತಿದ್ದಷ್ಟು ಕಾಲ ನಾನು ಕೇಳುತ್ತಿದ್ದುದು ಬಾಗಿಲನ್ನು.

ಆದರೂ ಮಾತಿನ ಕಡತಕ್ಕೆ ಮರಳಿದಾಗ ಈ ಸಮಾಧಾನ ಉಳಿಯಲಿಲ್ಲ. ನಡುವೆಲ್ಲೋ ಒಂದು ಕಂಠವು ಹಿಂದಿಲ್ಲ ಮುಂದಿಲ್ಲದೆ ‘ಇಲ್ಲ’ ಎಂದಿತು, ಬಹಳ ಮೆಲ್ಲಗೆ, ಕೇಳಿದವನಿಗೆ ನೋವಾಗಬಾರದೆಂಬಂತೆ. ಅದಕ್ಕೆ ತಕ್ಕ ಪ್ರಶ್ನೆಯಾವುದೆಂದು ಅರಸುತ್ತ ಎರಡು ಸಂಜೆ ಆಟವನ್ನು ಮೊದಲಿನಿಂದ ಆಡಿದೆ; ಎಂದೂ ಆರಿಸದಿದ್ದ ವಾಕ್ಯಗಳನ್ನೇ ಹುಡುಕಿ ಹುಡುಕಿ ಆರಿಸಿದೆ. ಪ್ರಶ್ನೆ ಇನ್ನೂ ದೊರೆತಿಲ್ಲ. ಆ ಧ್ವನಿಯನ್ನು ಅಳಿಸಿಯೂ ಇಲ್ಲ.