ಚಿತ್ರದೊಳಗಿನ ಮನುಷ್ಯ ಯಾರ ಸೊತ್ತು?

ಒಬ್ಬ ಮನುಷ್ಯನ ಫೋಟೋ ತೆಗೆದರೆ ಆ ಫೋಟೋ ಯಾರದ್ದು? ತೆಗೆದವನದ್ದೇ, ತೆಗೆಸಿದವನದ್ದೇ, ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಂಡವನದ್ದೇ ಅಥವಾ ಅದರೊಳಗೆ ನಿಂತಿರುವವನದ್ದೇ? ಮದುವೆ ಮನೆಯ ಫೋಟೋಗಳ ವಿಷಯದಲ್ಲಿ ಇಂಥ ಪ್ರಶ್ನೆ ಏಳುವುದಿಲ್ಲ. ಆದರೆ ಒಳಗಿರುವವನು ತಾನಾಗಿ ಕ್ಯಾಮೆರಾದ ಮುಂದೆ ನಿಂತವನಲ್ಲ, ಬಲವಂತವಾಗಿ ನಿಲ್ಲಿಸಲ್ಪಟ್ಟವನು ಎಂದಾದರೆ? ಅಂಥ ಚಿತ್ರವನ್ನು ಸುಮಾರು ನೂರೈವತ್ತು ವರ್ಷಗಳ ನಂತರ ಒಬ್ಬ ಕಲಾವಿದೆ, ಅವನ ಪರವಾಗಿ ಮಾತನಾಡಬೇಕೆಂದೇ, ಮತ್ತೆ ಗೋಡೆಗೆ ತೂಗುಹಾಕಿದರೆ ಅದು ನ್ಯಾಯವೋ, ಇನ್ನೊಂದು ಅನ್ಯಾಯವೋ? ಆಫ್ರಿಕನ್ ಅಮೆರಿಕನ್ ಕಲಾವಿದೆ ಕ್ಯಾರಿ ಮೇ ವೀಮ್ಸ್ ಅವರ ಬದುಕು ಮತ್ತು ಕೃತಿಗಳನ್ನು ನೋಡುವಾಗ ನಮ್ಮನ್ನು ಬಿಡದೆ ಕಾಡುವ ಪ್ರಶ್ನೆ ಇದು.

ಮೊದಲು ಆ ಚಿತ್ರಗಳ ಕಥೆ. 1850ರ ಮಾರ್ಚ್‌ನಲ್ಲಿ ದಕ್ಷಿಣ ಕ್ಯಾರೊಲಿನಾ ರಾಜ್ಯದ ಕೊಲಂಬಿಯಾ ನಗರದಲ್ಲಿ ಜೋಸೆಫ್ ಝೀಲಿ ಎಂಬ ಛಾಯಾಗ್ರಾಹಕನ ಮುಂದೆ ಏಳು ಮಂದಿ ಗುಲಾಮರನ್ನು ತಂದು ನಿಲ್ಲಿಸಲಾಯಿತು. ಕಾಂಗೋ ಮೂಲದ ರೆಂಟಿ, ಅವನ ಮಗಳು ಡೀಲಿಯಾ, ಗಿನಿ ಮೂಲದ ಜ್ಯಾಕ್, ಅವನ ಮಗಳು ಡ್ರಾನಾ, ಮತ್ತೆ ಜೆಮ್, ಆಲ್ಫ್ರೆಡ್, ಫಸೇನಾ. ಅವರ ಬಟ್ಟೆ ಬಿಚ್ಚಿಸಿ, ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಚಿತ್ರ ತೆಗೆಯಲಾಯಿತು. ತಂದೆಯ ಚಿತ್ರ ತೆಗೆದ ಕ್ಯಾಮೆರಾದ ಮುಂದೆಯೇ ಮಗಳೂ ಎದೆಯ ಮೇಲಿನ ಬಟ್ಟೆ ಇಳಿಸಿ ನಿಲ್ಲಬೇಕಾಯಿತು. ಇದನ್ನು ಮಾಡಿಸಿದವನು ಪುಂಡನಲ್ಲ, ಕುಡುಕನಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಹೆಸರಾಂತ ವಿಜ್ಞಾನಿ ಲೂಯಿ ಅಗಾಸಿ. ಬೇರೆ ಬೇರೆ ಜನಾಂಗಗಳು ಬೇರೆ ಬೇರೆಯಾಗಿಯೇ ಸೃಷ್ಟಿಯಾದವು, ಎಲ್ಲರೂ ಒಂದೇ ಮೂಲದವರಲ್ಲ ಎಂಬ ತನ್ನ ವಾದಕ್ಕೆ ಅವನಿಗೆ ಪುರಾವೆ ಬೇಕಿತ್ತು. ಬೆಳ್ಳಿಯ ಲೇಪವಿರುವ ತಾಮ್ರದ ಚಿಕ್ಕ ಫಲಕಗಳ ಮೇಲೆ ಮೂಡಿದ ಈ 15 ಚಿತ್ರಗಳು ಆ ಮೇಲೆ ಕಣ್ಮರೆಯಾಗಿ, 1976ರಲ್ಲಿ ಹಾರ್ವರ್ಡ್‌ನ ಪೀಬಡಿ ಮ್ಯೂಸಿಯಂನ ಅಟ್ಟದಲ್ಲಿ ಸಿಕ್ಕವು. ಆ ಕಾಲದ ಡಾಗೆರೋಟೈಪ್ ಎಂಬ ಈ ಚಿತ್ರಗಳಿಗೆ ನೆಗೆಟಿವ್ ಇರುವುದಿಲ್ಲ. ಕನ್ನಡಿಯಂತೆ ಹೊಳೆಯುವ ಫಲಕವನ್ನು ಸ್ವಲ್ಪ ವಾಲಿಸಿದರೆ ಒಳಗಿರುವವನ ಮುಖ ಮಾಯವಾಗಿ ನೋಡುವವನ ಮುಖವೇ ಕಾಣಿಸುತ್ತದೆ.

ಇದು ಅಮೆರಿಕದ ರೋಗ ಮಾತ್ರ ಎಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ಅಳತೆಪಟ್ಟಿ ಮತ್ತು ಕ್ಯಾಮೆರಾ ಹಿಡಿದ ಇದೇ ಬಗೆಯ ವಿಜ್ಞಾನ ನಮ್ಮ ಕಡೆಗೂ ಬಂದಿತ್ತು. ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜನರ ತಲೆ, ಮೂಗುಗಳನ್ನು ಅಳೆದು, ಅವರನ್ನು ನಿಲ್ಲಿಸಿ ಫೋಟೋ ತೆಗೆದು, 1909ರಲ್ಲಿ ಏಳು ಸಂಪುಟ ಹೊರತಂದ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದ ಜಾತಿಗಳೂ ಅದರಲ್ಲಿವೆ. ಆ ಬಗೆಯ ಫೋಟೋಗಳ ಕೆಳಗೆ ಜಾತಿಯ ಹೆಸರು ಇರುತ್ತದೆ, ಮನುಷ್ಯನ ಹೆಸರು ಇರುವುದು ಅಪರೂಪ.

ಈಗ ಕಲಾವಿದೆಯ ವಿಷಯ. ಕ್ಯಾರಿ ಮೇ ವೀಮ್ಸ್ ಹುಟ್ಟಿದ್ದು 1953ರಲ್ಲಿ, ಆರಿಗನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ. ತಂದೆತಾಯಿಯರದ್ದು ದಕ್ಷಿಣದಲ್ಲಿ ಗೇಣಿಗೆ ಹೊಲ ಮಾಡಿಕೊಂಡಿದ್ದ ಮನೆತನ. ಹದಿಹರೆಯದಲ್ಲೇ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಆನಾ ಹಾಲ್ಪ್ರಿನ್ ಅವರ ತಂಡದಲ್ಲಿ ನೃತ್ಯ ಕಲಿತ ಅವರು ಕಾರ್ಮಿಕ ರಾಜಕಾರಣದಲ್ಲೂ ತೊಡಗಿಕೊಂಡಿದ್ದರು. ಇಪ್ಪತ್ತನೆಯ ಹುಟ್ಟುಹಬ್ಬಕ್ಕೆ ಗೆಳೆಯನೊಬ್ಬ ಕೊಟ್ಟ ಕ್ಯಾಮೆರಾ ಅವರ ದಾರಿಯನ್ನು ಬದಲಿಸಿತು. ಕಪ್ಪು ಛಾಯಾಗ್ರಾಹಕರೇ ಸೇರಿ 1973ರಲ್ಲಿ ಆರಂಭಿಸಿದ ‘ಬ್ಲ್ಯಾಕ್ ಫೋಟೋಗ್ರಾಫರ್ಸ್ ಆ್ಯನ್ಯುಯಲ್’ ಎಂಬ ಸಂಕಲನ ಅವರ ಕೈಗೆ ಬಂತು. ರಾಯ್ ಡಿಕರಾವಾ ಹಾರ್ಲೆಮ್‌ನ ಸಾಮಾನ್ಯ ಜನರನ್ನು ಅವರ ಮನೆಯೊಳಗಿನ ನಸುಗತ್ತಲಲ್ಲೇ ತೋರಿಸಿದ ರೀತಿ ಅವರಿಗೆ ಪಾಠವಾಯಿತು. ನ್ಯೂಯಾರ್ಕಿನ ಸ್ಟುಡಿಯೋ ಮ್ಯೂಸಿಯಂನಲ್ಲಿ ಡಾವೂದ್ ಬೇ ಅವರ ತರಗತಿ, ಕ್ಯಾಲಿಫೋರ್ನಿಯಾದಲ್ಲಿ ಕಲಾಪದವಿಗಳು, ಬರ್ಕ್ಲಿಯಲ್ಲಿ ಜಾನಪದದ ಅಧ್ಯಯನ, ಹೀಗೆ ಅವರ ಕಲಿಕೆ ಹಲವು ಕಡೆ ನಡೆಯಿತು. ಕಪ್ಪು ಜನರ ಕಥೆ, ಗಾದೆ, ಮಾತಿನ ಲಯಗಳನ್ನು ಊರೂರು ಸುತ್ತಿ ಸಂಗ್ರಹಿಸಿದ ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರ ಪ್ರಭಾವವೂ ಅವರ ಮೇಲಿದೆ. ಹೀಗಾಗಿಯೇ ವೀಮ್ಸ್ ಅವರ ಫೋಟೋ ಒಂಟಿಯಾಗಿ ಬರುವುದಿಲ್ಲ. ಜೊತೆಗೆ ಬರಹ, ಧ್ವನಿ, ಮುಂದೆ ವೀಡಿಯೋ, ರಂಗಪ್ರದರ್ಶನಗಳೂ ಬಂದವು.

1965ರಲ್ಲಿ ಅಮೆರಿಕ ಸರ್ಕಾರದ ಮೊಯ್ನಿಹಾನ್ ವರದಿ ಕಪ್ಪು ಜನರ ಸಂಕಟಗಳಿಗೆ ಅವರ ಕುಟುಂಬವೇ ಸಡಿಲವಾಗಿರುವುದು, ಮನೆಯಲ್ಲಿ ಹೆಂಗಸಿನ ಮಾತು ನಡೆಯುವುದು ದೊಡ್ಡ ಕಾರಣವೆಂದು ಹೇಳಿತ್ತು. ವೀಮ್ಸ್ ಇದಕ್ಕೆ ಉತ್ತರವಾಗಿ ಲೇಖನ ಬರೆಯಲಿಲ್ಲ. ತಮ್ಮ ಮನೆಯವರ ಫೋಟೋ ತೆಗೆದು, ಅವರ ಕಥೆಗಳನ್ನು ಅವರದೇ ದನಿಯಲ್ಲಿ ಮುದ್ರಿಸಿ ಜೋಡಿಸಿದರು. ನಗು, ಜಗಳ, ಕುಡಿತ, ಪ್ರೀತಿ ಯಾವುದನ್ನೂ ಮುಚ್ಚಿಡಲಿಲ್ಲ. 1990ರ ‘ಕಿಚನ್ ಟೇಬಲ್ ಸೀರೀಸ್’ ಅವರಿಗೆ ಹೆಸರು ತಂದ ಕೃತಿ. 20 ಫೋಟೋ, 14 ಬರಹದ ಫಲಕ. ಒಂದೇ ಮೇಜು, ಮೇಲಿನಿಂದ ಇಳಿಬಿದ್ದ ಒಂದೇ ದೀಪ. ಆ ಬೆಳಕಿನಲ್ಲಿ ಒಬ್ಬ ಹೆಂಗಸು, ಅವಳ ಗಂಡಸು, ಗೆಳತಿಯರು, ಮಗಳು, ಕೊನೆಗೆ ಅವಳ ಒಂಟಿತನ. ಆ ಹೆಂಗಸಾಗಿ ಕುಳಿತವರು ಸ್ವತಃ ವೀಮ್ಸ್. ಈ ಮಾತನ್ನು ನೆನಪಿಡಬೇಕು: ಬೇರೆಯವರ ದೇಹವನ್ನು ಗೋಡೆಗೆ ತರುವ ಮೊದಲು ಅವರು ತಮ್ಮ ದೇಹವನ್ನು ಕ್ಯಾಮೆರಾದ ಮುಂದೆ ಇಟ್ಟಿದ್ದರು.

1995ರಲ್ಲಿ ಲಾಸ್ ಏಂಜಲೀಸ್ ಸಮೀಪದ ಗೆಟ್ಟಿ ಮ್ಯೂಸಿಯಂ ಆಫ್ರಿಕನ್ ಅಮೆರಿಕನ್ನರ ಹಳೆಯ ಫೋಟೋಗಳ ಪ್ರದರ್ಶನವೊಂದನ್ನು ಏರ್ಪಡಿಸಿ, ಅದಕ್ಕೆ ಪ್ರತಿಕ್ರಿಯೆಯಾಗಿ ಕೃತಿಯೊಂದನ್ನು ರಚಿಸಲು ವೀಮ್ಸ್ ಅವರನ್ನು ಕೇಳಿಕೊಂಡಿತು. ಆಗ ಹುಟ್ಟಿದ್ದು ‘ಇಲ್ಲಿಂದ ನಡೆದದ್ದನ್ನು ಕಂಡೆ, ಅತ್ತೆ’ ಎಂಬ ಅರ್ಥದ ಹೆಸರಿರುವ 33 ಚಿತ್ರಗಳ ಸರಣಿ. ಝೀಲಿ ತೆಗೆದ ಚಿತ್ರಗಳನ್ನು, ಚಾಟಿ ಏಟಿನಿಂದ ಬೆನ್ನು ಬಿರಿದ ಗುಲಾಮನ ಪ್ರಸಿದ್ಧ ಚಿತ್ರವನ್ನು, ಇನ್ನೂ ಹಲವನ್ನು ಅವರು ದೊಡ್ಡದು ಮಾಡಿ, ರಕ್ತದಂಥ ಕೆಂಪು ಬಣ್ಣ ಹಾಯಿಸಿ, ಮಸೂರದಂತೆ ದುಂಡಾದ ಚೌಕಟ್ಟಿನೊಳಗೆ ಕೂರಿಸಿದರು. ಮೇಲಿನ ಗಾಜಿನ ಮೇಲೆ ಅಕ್ಷರಗಳನ್ನು ಕೊರೆಸಿದರು. ಆ ಅಕ್ಷರಗಳು ನೋಡುವವರೊಡನೆ ಮಾತನಾಡುವುದಿಲ್ಲ. ಚಿತ್ರದಲ್ಲಿ ಇರುವವರನ್ನೇ ‘ನೀನು’ ಎಂದು ಕರೆದು, ನಿನ್ನನ್ನು ವಿಜ್ಞಾನದ ಮಾದರಿ ಮಾಡಿದರು, ವಾದದ ವಸ್ತು ಮಾಡಿದರು ಎಂದು ಹೇಳುತ್ತವೆ. ಸರಣಿಯ ಮೊದಲಲ್ಲೂ ಕೊನೆಯಲ್ಲೂ ನೀಲಿ ಬಣ್ಣದಲ್ಲಿ ಒಬ್ಬ ಆಫ್ರಿಕನ್ ಹೆಂಗಸು ಇದ್ದಾಳೆ, ಎರಡೂ ಬದಿಯಿಂದ ಇವರೆಲ್ಲರನ್ನೂ ನೋಡುತ್ತಾ.

ಹಾರ್ವರ್ಡ್‌ಗೆ ಇದು ಸರಿಬರಲಿಲ್ಲ. ಅನುಮತಿ ಇಲ್ಲದೆ ಚಿತ್ರಗಳನ್ನು ಬಳಸುವುದಿಲ್ಲವೆಂದು ವೀಮ್ಸ್ ಸಹಿ ಹಾಕಿದ್ದರು. ಮೊಕದ್ದಮೆ ಹೂಡುವ ಬೆದರಿಕೆ ಬಂತು. ಕಾನೂನಿನ ದೃಷ್ಟಿಯಲ್ಲಿ ತಮ್ಮ ಪಕ್ಷ ದುರ್ಬಲವಿರಬಹುದು, ಆದರೆ ನೈತಿಕವಾಗಿ ತಮಗೊಂದು ವಾದವಿದೆ, ಅದು ಸಾರ್ವಜನಿಕವಾಗಿ ನಡೆದರೆ ಒಳ್ಳೆಯದೇ ಎಂಬುದು ವೀಮ್ಸ್ ಅವರ ನಿಲುವಾಗಿತ್ತು. ಮೊಕದ್ದಮೆ ನಡೆಯಲಿಲ್ಲ. ಮುಂದೆ ಹಾರ್ವರ್ಡೇ ಆ ಕೃತಿಯನ್ನು ಕೊಂಡಿತೆಂದು ಅವರು ಹೇಳಿಕೊಂಡಿದ್ದಾರೆ. ರೆಂಟಿಯನ್ನು ಬೆತ್ತಲೆ ನಿಲ್ಲಿಸಿದ ವಿಜ್ಞಾನಿಯ ಸಂಸ್ಥೆ, ರೆಂಟಿಯ ಚಿತ್ರದ ಮಾಲಿಕ ತಾನು ಎಂದು ವಾದಿಸಿ, ಕೊನೆಗೆ ಆ ಅವಮಾನದ ಮೇಲಿನ ದೂರನ್ನೂ ಹಣ ಕೊಟ್ಟು ಕೊಂಡಿತು. ಇದರಲ್ಲಿ ರೆಂಟಿಗೆ ಏನು ಸಿಕ್ಕಿತು?

ಇಲ್ಲಿಯೇ ವೀಮ್ಸ್ ಅವರ ವಿರುದ್ಧದ ಗಟ್ಟಿ ಆಕ್ಷೇಪವನ್ನೂ ಕೇಳಬೇಕಾಗುತ್ತದೆ. ಡೀಲಿಯಾ 1850ರಲ್ಲಿ ಒಮ್ಮೆ ಬೆತ್ತಲಾದಳು. ಈಗ ಮ್ಯೂಸಿಯಂ ಮ್ಯೂಸಿಯಂನಲ್ಲಿ, ದೊಡ್ಡ ಗಾತ್ರದಲ್ಲಿ, ಮತ್ತೆ ಮತ್ತೆ ಬೆತ್ತಲಾಗುತ್ತಿದ್ದಾಳೆ. ಅಗಾಸಿ ಅವಳನ್ನು ಕೇಳಲಿಲ್ಲ. ವೀಮ್ಸ್ ಕೇಳಲು ಸಾಧ್ಯವೇ ಇರಲಿಲ್ಲ. ಉದ್ದೇಶ ಒಳ್ಳೆಯದಿದ್ದರೆ ಒಪ್ಪಿಗೆ ಬೇಡವೇ? ಅದೇ ಶತಮಾನದಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಒಳ್ಳೆಯ ಕೋಟು ತೊಟ್ಟು, ನಗದೆ, ಸೆಟೆದು ಕುಳಿತು ನೂರಕ್ಕೂ ಹೆಚ್ಚು ಬಾರಿ ಫೋಟೋ ತೆಗೆಸಿಕೊಂಡ. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಸೋಜರ್ನರ್ ಟ್ರೂತ್ ತನ್ನ ಫೋಟೋಗಳನ್ನು ತಾನೇ ಮಾರಿ ಜೀವನಕ್ಕೂ ಹೋರಾಟಕ್ಕೂ ಹಣ ಮಾಡಿಕೊಂಡಳು. ತಮ್ಮ ಚಿತ್ರ ಹೇಗಿರಬೇಕೆಂದು ಅವರು ತಾವೇ ನಿರ್ಧರಿಸಿದರು. ಡೀಲಿಯಾಳಿಗೆ ಆ ಅವಕಾಶ ಸಿಕ್ಕಿದ್ದರೆ ಅವಳು ಮೊದಲು ಬಟ್ಟೆ ಸರಿಪಡಿಸಿಕೊಳ್ಳುತ್ತಿದ್ದಳು ಎಂಬುದರಲ್ಲಿ ನಮಗೆ ಸಂಶಯವಿಲ್ಲ.

ಈ ಗಂಟನ್ನು ಬಿಡಿಸಲು ಉರ್ದುವಿನ ಒಂದು ಮಾತು ನೆರವಾಗಬಹುದು. ಕನ್ನಡದಲ್ಲಿ ‘ಅಮಾನತು’ ಎಂದೊಡನೆ ನೌಕರಿಯಿಂದ ತಾತ್ಕಾಲಿಕವಾಗಿ ತೆಗೆದುಹಾಕುವ ಸರ್ಕಾರಿ ಆದೇಶ ಕಣ್ಣಿಗೆ ಬರುತ್ತದೆ. ಉರ್ದುವಿನಲ್ಲಿ ‘ಅಮಾನತ್’ ಎಂದರೆ ಒಬ್ಬರು ನಂಬಿ ಇನ್ನೊಬ್ಬರ ಬಳಿ ಇಟ್ಟ ವಸ್ತು. ಇಟ್ಟುಕೊಂಡವನು ಅದರ ಒಡೆಯನಲ್ಲ. ಅದನ್ನು ಕೆಡದಂತೆ ಕಾಯಬೇಕು, ತನ್ನ ಲಾಭಕ್ಕೆ ಬಳಸಬಾರದು, ಒಡೆಯ ಬಂದಾಗ ಮರಳಿಸಬೇಕು. ರೆಂಟಿ ತನ್ನ ಚಿತ್ರವನ್ನು ಯಾರನ್ನೂ ನಂಬಿ ಇಟ್ಟವನಲ್ಲ, ಅದು ಕದ್ದ ಮಾಲು ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಕದ್ದ ಮಾಲೆಂದು ತಿಳಿದ ಮೇಲೂ ಅದನ್ನು ಕೈಯಲ್ಲಿ ಹಿಡಿದವನಿಗೆ ಉಳಿಯುವ ಮರ್ಯಾದೆಯ ದಾರಿ ಒಂದೇ, ಇನ್ನು ಮುಂದಾದರೂ ಅದನ್ನು ಅಮಾನತ್ ಎಂದು ಕಾಣುವುದು.

ಈ ಅಳತೆಯಲ್ಲಿ ನೋಡಿದರೆ 1995ರಲ್ಲಿ ವೀಮ್ಸ್ ಮಾಡಿದ್ದು ಸರಿ ಎಂದೇ ನಮಗೆ ಅನ್ನಿಸುತ್ತದೆ. ತಪ್ಪು ಮಾಡಿದವರ ಬಳಿಯೇ ಸಾಕ್ಷ್ಯ ಬೀಗದೊಳಗೆ ಇದ್ದಾಗ, ಸತ್ತವನ ಗಾಯವನ್ನು ಪಂಚಾಯಿತಿಯ ಮುಂದೆ ತೋರಿಸುವವನು ಸಾಕ್ಷಿ, ಕಳ್ಳನಲ್ಲ. ಕೆಂಪು ಬಣ್ಣ, ದುಂಡು ಚೌಕಟ್ಟು, ಗಾಜಿನ ಮೇಲಿನ ಅಕ್ಷರ ಇವೆಲ್ಲ ನಮ್ಮ ನೋಟಕ್ಕೂ ಆ ದೇಹಕ್ಕೂ ನಡುವೆ ಒಂದು ಪರದೆ ಹಾಕುತ್ತವೆ; ಅಗಾಸಿ ನೋಡಿದಂತೆ ನಾವು ನೋಡಲಾಗುವುದಿಲ್ಲ. ಆದರೆ ಸಾಕ್ಷ್ಯ ಮುಗಿದ ಮೇಲೆ ಗಾಯವನ್ನು ಮುಚ್ಚಬೇಕು. ಸಾಕ್ಷ್ಯಕ್ಕೆ ಒಂದು ಗಡುವಿದೆ, ಪ್ರದರ್ಶನಕ್ಕೆ ಇಲ್ಲ. ಆ ಸರಣಿಯನ್ನು ತೂಗುಹಾಕುವ ಪ್ರತಿ ಮ್ಯೂಸಿಯಂ ಪ್ರತಿ ಸಲವೂ ಹೊಸದಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಇವತ್ತು ಇಲ್ಲಿ ಯಾರ ಮುಂದೆ ಸಾಕ್ಷ್ಯ ನುಡಿಯುತ್ತಿದ್ದೇವೆ ಎಂಬುದು.

ಅಮಾನತ್‌ನ ಕೊನೆಯ ಷರತ್ತು ಮರಳಿಸುವುದು. 2019ರಲ್ಲಿ ಟಮಾರಾ ಲೇನಿಯರ್ ಎಂಬ ಮಹಿಳೆ, ತಾನು ರೆಂಟಿಯ ವಂಶದವಳು, ಚಿತ್ರಗಳನ್ನು ತನಗೆ ಕೊಡಿ ಎಂದು ಹಾರ್ವರ್ಡ್ ಮೇಲೆ ದಾವೆ ಹೂಡಿದರು. ಮನೆಯಲ್ಲಿ ತಾಯಿ ಹೇಳುತ್ತಿದ್ದ ‘ಪಾಪಾ ರೆಂಟಿ’ಯ ಕಥೆಗಳಿಂದ ಅವರ ಹುಡುಕಾಟ ಶುರುವಾಗಿತ್ತು. ಫೋಟೋದೊಳಗಿರುವವನು ಫೋಟೋದ ಒಡೆಯನಾಗುವುದಿಲ್ಲ ಎಂದು ಕೆಳಗಿನ ನ್ಯಾಯಾಲಯ 2021ರಲ್ಲಿ ದಾವೆಯನ್ನು ತಳ್ಳಿಹಾಕಿತು. 2022ರಲ್ಲಿ ಮಸಾಚುಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಒಡೆತನದ ವಾದವನ್ನು ಒಪ್ಪಲಿಲ್ಲ. ಆದರೆ ಆ ಕೃತ್ಯದಲ್ಲಿ ಹಾರ್ವರ್ಡ್‌ನ ಪಾಲಿದ್ದುದರಿಂದ ಲೇನಿಯರ್ ಅವರ ವಿಷಯದಲ್ಲಿ ಎಚ್ಚರದಿಂದ ನಡೆದುಕೊಳ್ಳುವ ಹೊಣೆ ಅದಕ್ಕಿತ್ತು, ಮಾನಸಿಕ ನೋವಿನ ದೂರು ಮುಂದುವರಿಯಬಹುದು ಎಂದಿತು. 2025ರ ಮೇ ತಿಂಗಳಲ್ಲಿ ರಾಜಿಯಾಗಿ, ಚಿತ್ರಗಳನ್ನು ಬಿಟ್ಟುಕೊಡಲು ಹಾರ್ವರ್ಡ್ ಒಪ್ಪಿತು. ಅವು ಸೇರಬೇಕಾದ ಜಾಗ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ 2023ರಲ್ಲಿ ತೆರೆದ ಅಂತಾರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ. ಆಫ್ರಿಕಾದಿಂದ ಬಂದ ಗುಲಾಮರನ್ನು ಹಡಗಿನಿಂದ ಇಳಿಸುತ್ತಿದ್ದ ಧಕ್ಕೆಯ ಮೇಲೆಯೇ ಆ ಕಟ್ಟಡ ನಿಂತಿದೆ. ಲೇನಿಯರ್ ಅವರ ರಕ್ತಸಂಬಂಧ ದೃಢಪಟ್ಟಿಲ್ಲ ಎಂಬುದು ಹಾರ್ವರ್ಡ್‌ನ ಮಾತು. ದನಕರುಗಳ ಜೊತೆ ಆಸ್ತಿಪಟ್ಟಿಯಲ್ಲಿ ಬರೆದಿಟ್ಟವರ ವಂಶಾವಳಿಗೆ ಕಾಗದಪತ್ರ ಕೇಳುವುದು ಯಾವ ನ್ಯಾಯ?

ಈ ನಡುವೆ ವೀಮ್ಸ್ ನಿಂತಲ್ಲೇ ನಿಲ್ಲಲಿಲ್ಲ. 2006ರಲ್ಲಿ ಕಪ್ಪು ನಿಲುವಂಗಿ ತೊಟ್ಟು ರೋಮಿನ ಭವ್ಯ ಕಟ್ಟಡಗಳೆದುರು, ನಮಗೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಂಡರು. ಕ್ಯಾಮೆರಾ ಅವರನ್ನು ಅಳೆಯಲಾಗದು. ಅವರೇ ಅಧಿಕಾರವನ್ನು ಅಳೆಯುತ್ತಾರೆ. 2015ರ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನ ಇಮ್ಯಾನುಯೆಲ್ ಚರ್ಚಿನಲ್ಲಿ ಒಂಬತ್ತು ಕಪ್ಪು ಜನ ಗುಂಡಿಗೆ ಬಲಿಯಾದಾಗ, ಮರುವರ್ಷ ಅದೇ ಊರಿನಲ್ಲಿ ‘ಗ್ರೇಸ್ ನೋಟ್ಸ್’ ಎಂಬ ಹಾಡು, ಮಾತು, ವೀಡಿಯೋಗಳ ಪ್ರಯೋಗವನ್ನು ರಂಗಕ್ಕೆ ತಂದರು. 2013ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್, 2014ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನ, 2023ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂದವು. ಕೃತಿಗಳನ್ನು ಕಾಲಾನುಕ್ರಮದಲ್ಲಿ ನೋಡಿದರೆ ನಮಗೆ ಕಾಣುವುದು ಇದು: ಅವರು ಸತ್ತವರ ದೇಹವನ್ನು ತೋರಿಸುವುದಕ್ಕಿಂತ ಸತ್ತವರಿಗಾಗಿ ಹಾಡುವ ಕಡೆಗೆ ಹೆಚ್ಚು ವಾಲಿದ್ದಾರೆ.

ಕಥೆ ಬರೆಯುವ ನಮ್ಮಂಥವರಿಗೆ ಈ ಲೆಕ್ಕ ಬಿಟ್ಟದ್ದಲ್ಲ. ಗಲ್ಲಿಯ ತಲಾಕಾದ ಹೆಂಗಸು, ಬೀಡಿ ಕಟ್ಟುವ ಮುದುಕಿ, ಗಲಭೆಯಲ್ಲಿ ಮಗನನ್ನು ಕಳೆದುಕೊಂಡವಳು, ಇವರ ನೋವಿನಿಂದಲೇ ನಮ್ಮ ಕಥೆಗಳಿಗೆ ಜೀವ ಬರುತ್ತದೆ. ಹೆಸರು, ಸನ್ಮಾನ ಸಿಗುವುದು ನಮಗೆ. ಬರೆಯಬಾರದು ಎಂದಲ್ಲ. ಬರೆಯದಿದ್ದರೆ ಅವರ ಮೇಲೆ ನಡೆದದ್ದು ಅಟ್ಟದ ಮೇಲೆ ಉಳಿದುಬಿಡುತ್ತದೆ. ಆದರೆ ಅವರ ಪರವಾಗಿ ಸಾಕ್ಷ್ಯ ನುಡಿಯುತ್ತಿದ್ದೇವೋ, ಅವರ ಸೆರಗು ಜಾರಿಸಿ ಓದುಗರನ್ನು ಕರೆಯುತ್ತಿದ್ದೇವೋ ಎಂಬುದನ್ನು ಪ್ರತಿ ಪುಟದಲ್ಲೂ ಪರೀಕ್ಷಿಸಿಕೊಳ್ಳಬೇಕು. ಬರೆಯದವರಿಗೂ ಇದು ಅನ್ವಯಿಸುತ್ತದೆ. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಝೀಲಿಯ ಕ್ಯಾಮೆರಾ ಇದೆ. ಕಂಬಕ್ಕೆ ಕಟ್ಟಿ ಹೊಡೆಸಿಕೊಳ್ಳುತ್ತಿರುವ ಯಾರದೋ ವೀಡಿಯೋ ಮೊಬೈಲಿಗೆ ಬಂದಾಗ, ಇನ್ನೊಬ್ಬರಿಗೆ ಕಳಿಸುವ ಮುನ್ನ ನಾವು ಕೇಳಬೇಕಾದದ್ದು ಇಷ್ಟೇ: ಇದನ್ನು ನೋಡಬೇಕಾದವರು ಪೊಲೀಸರೋ, ನ್ಯಾಯಾಧೀಶರೋ, ಅಥವಾ ಸುಮ್ಮನೆ ಎಲ್ಲರೋ? ಅವನ ಹೆಸರಾದರೂ ನಮಗೆ ಗೊತ್ತಿದೆಯೇ?