ಗುಲಗಂಜಿ ತೂಕ

ನಂಜನಗೂಡಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಹಳೇ ಕಾರ್ಬ್ಯುರೇಟರ್ ಜೀಪಿನ ಸೈಲೆನ್ಸರ್ ಕೊಳವೆಗೆ ತೂತು ಕೊರೆದು, ಬೆಸುಗೆ ಹಾಕಿ, ಆಕ್ಸಿಜನ್ ಸೆನ್ಸರ್ ಕೂರಿಸುವಾಗೆಲ್ಲ ನಮ್ಮೂರ ದೇವರ ನೆನಪು. ಅವನೂ ನಂಜನ್ನು ಗಂಟಲಲ್ಲೇ ಹಿಡಿದವನು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಗಾಳಿ ಹೆಚ್ಚಾದರೆ ಇಂಜಿನ್ ಕಾಯುತ್ತದೆ, ಕಡಿಮೆಯಾದರೆ ಕರಿಹೊಗೆ.

ಈ ಸೆನ್ಸರ್ ಬೆಂಕಿಯನ್ನು ಕಂಡದ್ದೇ ಇಲ್ಲ. ಉರಿದ ಮೇಲೆ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನಷ್ಟೇ ಅಳೆಯುತ್ತದೆ. ಸುಮಾರು 300 ಡಿಗ್ರಿ ಕಾಯುವ ತನಕ ಬಾಯಿಯನ್ನೇ ಬಿಡದು. ಒಳಗೆ ಕೂತು ಸುಮ್ಮನೆ ನೋಡುವ ಸಾಕ್ಷಿಗೆ ಏನೂ ಅಂಟದು ಎನ್ನುತ್ತಾರೆ ವೇದಾಂತಿಗಳು. ನಾನು ಬಿಚ್ಚಿದ ಸಾಕ್ಷಿಗಳಿಗೆಲ್ಲ ಮಸಿ ಅಂಟಿತ್ತು. ಮಸಿ ಹಿಡಿದದ್ದು ಸುಳ್ಳೂ ಹೇಳುತ್ತದೆ. ಹಾಗಾದರೆ ನನ್ನೊಳಗೆ ಕೂತು ನೋಡುತ್ತಿರುವವನನ್ನು ಎಷ್ಟು ನಂಬಲಿ?

ಹೋದ ವಾರ ಅಂಥದ್ದೊಂದು ಜೀಪನ್ನು ಟಿ. ನರಸೀಪುರದವರೆಗೆ ಓಡಿಸಿ ನೋಡಿದೆ. ಕಪಿಲೆ ಕಾವೇರಿಯನ್ನು ಸೇರುವ ಜಾಗ. ಅಲ್ಲಿ ಕೂಡುತ್ತದೆನ್ನುವ ಮೂರನೆಯದಾದ ಸ್ಫಟಿಕ ಸರೋವರ ಕಣ್ಣಿಗೆ ಕಾಣದು. ಅಲ್ಲಿನ ಗುಡಿಯ ಗುಂಜಾ ನರಸಿಂಹನ ಕೈಯಲ್ಲೊಂದು ಗುಲಗಂಜಿ: ಕಾಶಿಗಿಂತ ಈ ಕ್ಷೇತ್ರ ಅಷ್ಟು ತೂಕ ಹೆಚ್ಚಂತೆ. ಯಾವ ತಕ್ಕಡಿಯಲ್ಲಿ ತೂಗಿದರೋ! ಹೊರಗೆ ಜೀಪಿನ ಸೆನ್ಸರ್ ಮೀಟರು 14.5, 14.9 ಎಂದು ತೂಗಾಡುತ್ತಿತ್ತು. ಕಾರ್ಬ್ಯುರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿದೆ.