ಲೆಕ್ಕಕ್ಕೆ ಬಾರದ ಕೇಕು

ದೂರದರ್ಶನದಲ್ಲಿ ಭಾನುವಾರ ಹಿಂದಿ ಮಾತಾಡುತ್ತಿದ್ದ ಬಾತುಕೋಳಿಗಳು 1990ರ ದಶಕದ ಮಕ್ಕಳಿಗೆಲ್ಲ ಗೊತ್ತು. ಡಕ್‌ಟೇಲ್ಸ್ ಎಂಬ ಆ ಡಿಸ್ನಿ ಕಾರ್ಟೂನು ಅಮೆರಿಕದಲ್ಲಿ ಶುರುವಾದದ್ದು 1987ರಲ್ಲಿ. ಅದನ್ನೇ ಹಿಡಿದು ಜಪಾನಿನ ಕ್ಯಾಪ್‌ಕಾಮ್ ಕಂಪನಿ 1989ರಲ್ಲಿ ಒಂದು ವಿಡಿಯೋ ಗೇಮ್ ಮಾಡಿತು. ಪುಣೆಯ ನಮ್ಮ ಚಾಳಿನ ಹುಡುಗರು ಅದನ್ನು ಆಡಿದ್ದು ಬುಧವಾರ ಪೇಟೆಯ ತಾಪಕೀರ ಗಲ್ಲಿಯಿಂದ ತಂದ ಅಗ್ಗದ ನಕಲು ಯಂತ್ರದಲ್ಲಿ.

ಆಟದ ನಾಯಕ ಸ್ಕ್ರೂಜ್ ಎಂಬ ಜಿಪುಣ ಮುದುಕ ಬಾತು. ಊರುಗೋಲನ್ನೇ ಸ್ಪ್ರಿಂಗಿನ ಹಾಗೆ ನೆಲಕ್ಕೆ ಊರಿ ಕುಪ್ಪಳಿಸುತ್ತ ಅಮೆಜಾನ್ ಕಾಡು, ಟ್ರಾನ್ಸಿಲ್ವೇನಿಯಾ, ಆಫ್ರಿಕದ ಗಣಿ, ಹಿಮಾಲಯ, ಕೊನೆಗೆ ಚಂದ್ರನಲ್ಲೂ ಸಂಪತ್ತು ಹುಡುಕುತ್ತಾನೆ. ನಡುವೆ ಲಾಂಚ್‌ಪ್ಯಾಡ್ ಎಂಬ ಪೈಲಟ್ ಸಿಗುತ್ತಾನೆ. ಅವನ ಜೊತೆ ತನ್ನೂರು ಡಕ್‌ಬರ್ಗ್‌ಗೆ ಹೋಗಿ ಗಳಿಸಿದ್ದನ್ನು ಜಮಾ ಮಾಡಿ ಬರಬಹುದು. ಇಡೀ ಆಟದಲ್ಲಿ ಊರಿಗೆ ಇರುವ ಕೆಲಸ ಇಷ್ಟೇ! ಹೊಟ್ಟೆಪಾಡಿಗೆ ಊರು ಬಿಟ್ಟವರಿಗೆ ಇದು ತೀರ ಅಪರಿಚಿತವೇನಲ್ಲ.

ಇನ್ನೊಬ್ಬಳಿದ್ದಾಳೆ, ಮಿಸೆಸ್ ಬೀಕ್ಲಿ. ಮನೆ, ಮಕ್ಕಳನ್ನು ನೋಡಿಕೊಳ್ಳುವಾಕೆ. ಆಟದಲ್ಲಿ ಅಲ್ಲಲ್ಲಿ ಕಾಣಿಸಿಕೊಂಡು ತಿನ್ನಲು ಕೊಡುತ್ತಾಳೆ, ಸ್ಕ್ರೂಜನ ಜೀವ ಮತ್ತೆ ತುಂಬಿಕೊಳ್ಳುತ್ತದೆ. ವಜ್ರ ಸಿಕ್ಕರೆ ಮೇಲೆ ಅಂಕಿ ಏರುತ್ತದೆ, ಕೇಕಿಗೆ ಏರುವುದಿಲ್ಲ. ಒಂದು ಕೋಟಿ ಡಾಲರ್ ಮತ್ತು ಎರಡು ಗುಪ್ತನಿಧಿ ಸೇರಿದರೆ ಮುಕ್ತಾಯವೇ ಬೇರೆ. ಅಲ್ಲಿಯೂ ಕೇಕಿನ ಲೆಕ್ಕ ಬರುವುದಿಲ್ಲ.

ನಮ್ಮ ಪಕ್ಕದ ಮನೆಯವರು ಇಂಡಿ ತಾಲ್ಲೂಕಿನವರು. ಆಕುರ್ಡಿಯ ಕಡೆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದರು. ಈಗ ಊರಲ್ಲಿ ಹೊಲದ ಪಾಲು ಆಗಬೇಕಾಗಿದೆ. ಅವರ ಹತ್ತಿರ ಮನಿಯಾರ್ಡರ್ ಕಾಲದಿಂದ ಬರೆದಿಟ್ಟ ಪುಸ್ತಕವಿದೆ. "ಬೋರ್ ಹಾಕಿಸಿದ್ದು ನಾ, ತಂಗಿ ಲಗ್ನ ಮಾಡಿದ್ದು ನಾ. ತಮ್ಮ ಏನ್ ಮಾಡ್ಯಾನ್ರಿ? ಮನ್ಯಾಗ ಕುಂತು ಉಂಡಾನ" ಅನ್ನುತ್ತಾರೆ. ಆ ತಮ್ಮ ಮತ್ತು ಅವನ ಹೆಂಡತಿ ನಾಲ್ಕು ವರ್ಷ ಹಾಸಿಗೆ ಹಿಡಿದ ತಾಯಿಯನ್ನು ಎತ್ತಿ ಇಳಿಸಿ ನೋಡಿಕೊಂಡರು. ಅದನ್ನು ಯಾರೂ ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ. (ಲಗ್ನವಾದ ಆ ತಂಗಿಗೂ 2005ರ ಕಾಯ್ದೆ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ. ಅದನ್ನು ನೆನಪಿಸಿದಾಗ ಅವರು ಮಾತು ಬದಲಿಸಿದರು.)

ದುಡ್ಡು ಕಳಿಸುವವನನ್ನು ಹೀಗಳೆಯುವುದು ಬಹಳ ಸುಲಭ, ಅದು ಅನ್ಯಾಯ ಕೂಡ. ಎರಡೆರಡು ಪಾಳಿ ದುಡಿದು, ನಾಗರಪಂಚಮಿಗೂ ಊರಿಗೆ ಹೋಗದೆ ಉಳಿಸಿದ ರೊಕ್ಕ ಅದು. ತಾಯಿಯ ಔಷಧಿ ಬಂದದ್ದೂ ಅದರಿಂದಲೇ. ಹಾಗಂತ ತಮ್ಮನ ಸೇವೆಗೂ ದಿನಕ್ಕಿಷ್ಟು ಕೂಲಿ ಅಂತ ಕಟ್ಟಿ ಲೆಕ್ಕ ಸರಿಮಾಡೋಣವೇ? ನನಗದು ಒಪ್ಪಿಗೆಯಿಲ್ಲ. ತಾಯಿಯ ಮೈ ಒರೆಸಿದ್ದಕ್ಕೆ ಬೆಲೆ ಕಟ್ಟಿದರೆ ಒರೆಸಿದವನಿಗೂ ಅವಮಾನ, ತಾಯಿಗೂ ಅವಮಾನ. ತಮ್ಮನದನ್ನು ಅಂಕಿಗೆ ಇಳಿಸುವ ಬದಲು ಅಣ್ಣನೇ ತನ್ನ ಪುಸ್ತಕ ಮುಚ್ಚಿಡುವುದು ಮೇಲು. ಕಳಿಸುವಾಗ ಅದು ಸಾಲವೆಂದು ಯಾರೂ ಹೇಳಿರಲಿಲ್ಲವಲ್ಲ!

ಇದನ್ನೇ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಂದ್ರ ನಾ ಇಷ್ಟ್ ವರ್ಷ ಊರಿಗೆ ಏನೂ ಮಾಡಿಲ್ಲಂತ ಆತಲ್ರಿ?"

ಹಾಗಲ್ಲ ಎಂದೆ. ಆದರೆ ಬರೆದಿಡದಿದ್ದರೆ, ಮಾಡಿದ್ದು ಊರಿಗೆ ನೆನಪಿರುತ್ತದೆಯೇ ಎಂಬುದು ಅವರ ಭಯ. ಊರಲ್ಲೇ ಇರುವವನು ದಿನಾ ಕಣ್ಣಿಗೆ ಬೀಳುತ್ತಾನೆ, ಪುಣೆಯಲ್ಲಿರುವವನಿಗೆ ಆ ಪುಸ್ತಕ ಒಂದೇ ಸಾಕ್ಷಿ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಬೋರಿನಲ್ಲಿ ಈಗಲೂ ನೀರಿದೆಯಂತೆ. ಕರೆಂಟು ಬರುವ ಹೊತ್ತಿಗೆ, ಹೆಚ್ಚಾಗಿ ರಾತ್ರಿಯೇ, ತಮ್ಮ ಎದ್ದು ಹೋಗಿ ಅದನ್ನು ಹೊಲಕ್ಕೆ ತಿರುಗಿಸುತ್ತಾನೆ.